ಕಡೂರು–ಲಂಡನ್: ದೂರ ಮತ್ತು ವಿಮಾನ ಪ್ರಯಾಣದ ಅವಧಿ

ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿರುವುದಿಲ್ಲ. 2023ರಲ್ಲಿ ಉದ್ಘಾಟನೆಗೊಂಡ ಶಿವಮೊಗ್ಗದ ಸೋಗಾನೆ ನಿಲ್ದಾಣವು ತರೀಕೆರೆಗೆ ಸಮೀಪವಿದ್ದರೂ ಅಲ್ಲಿಂದ ಹೊರದೇಶಕ್ಕೆ ನೇರ ವಿಮಾನವಿರುವುದಿಲ್ಲ. ಸಾಮಾನ್ಯವಾಗಿ ದೇವನಹಳ್ಳಿಗೇ ಹೋಗಬೇಕಾಗುತ್ತದೆ. ಕಡೂರಿನಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು 220 ಕಿ.ಮೀ., ನಾಲ್ಕರಿಂದ ಐದು ಗಂಟೆ. ರೈಲಿನಲ್ಲಿ ಬೆಂಗಳೂರು ತಲುಪುವವರು ಮತ್ತೆ ಸುಮಾರು 35 ಕಿ.ಮೀ. ಸಾಗಬೇಕು, ಇದನ್ನು ಹಲವರು ಮರೆಯುತ್ತಾರೆ.

ಬೆಂಗಳೂರು–ಲಂಡನ್ ನೇರ ದೂರ ಸುಮಾರು 8,000 ಕಿ.ಮೀ.; ನೇರ ವಿಮಾನಕ್ಕೆ ಸುಮಾರು 11 ಗಂಟೆ. ಟಿಕೆಟ್ಟಿನಲ್ಲಿ ಆಯಾ ಊರಿನ ಸ್ಥಳೀಯ ವೇಳೆ ಇರುತ್ತದೆ. ಲಂಡನ್ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದಿರುವುದರಿಂದ ಎರಡು ವೇಳೆಗಳನ್ನು ಕಳೆದು ಅವಧಿ ಲೆಕ್ಕ ಹಾಕತಕ್ಕದ್ದಲ್ಲ.

ಮಧ್ಯರಾತ್ರಿಯ ನಂತರದ ವಿಮಾನಗಳಲ್ಲಿ ದಿನಾಂಕವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಉದಾಹರಣೆಗೆ, 15ನೇ ತಾರೀಖು ಬೆಳಗಿನ ಜಾವ 1 ಗಂಟೆಯ ವಿಮಾನಕ್ಕೆ ಮೂರು ಗಂಟೆ ಮುಂಚಿತವಾಗಿ ಹಾಜರಾಗಲು, ಕಡೂರನ್ನು 14ರ ಸಂಜೆ 4ರೊಳಗೆ ಬಿಡತಕ್ಕದ್ದು.