ವಂಚಕ ಲಿಂಕ್‌ಗಳು

ಒತ್ತಿದವರನ್ನು ನಕಲಿ ಜಾಲತಾಣಕ್ಕೆ ಒಯ್ದು ಪಾಸ್‌ವರ್ಡ್, ಪಿನ್ ಮುಂತಾದ ಗುಟ್ಟಿನ ವಿವರಗಳನ್ನು ಬರೆಸಿಕೊಳ್ಳುವ, ಇಲ್ಲವೇ ಮೊಬೈಲಿಗೆ ಕಳ್ಳ ತಂತ್ರಾಂಶವನ್ನು ಇಳಿಸುವ ಅಂತರ್ಜಾಲ ವಿಳಾಸಗಳನ್ನು ವಂಚಕ ಲಿಂಕ್‌ಗಳೆಂದು ಕರೆಯುತ್ತಾರೆ. ಮೊದಲನೆಯ ಬಗೆಯ ಮೋಸಕ್ಕೆ ಫಿಶಿಂಗ್ ಎಂದು ಹೆಸರು.

ಶ್ರೀ ಸತ್ಯಸಾಯಿ ಜಿಲ್ಲೆಯ ಹಿಂದೂಪುರ, ಅನಂತಪುರ ಜಿಲ್ಲೆಯ ಕಲ್ಯಾಣದುರ್ಗಗಳಂಥ ಆಂಧ್ರದ ಗಡಿಸೀಮೆಯಲ್ಲಿ ಕನ್ನಡ ಮನೆಮಾತಿನವರಿಗೂ ಸರ್ಕಾರಿ ಸಂದೇಶಗಳು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬರುವುದರಿಂದ, ಕಾಗುಣಿತ ತಪ್ಪಿದ್ದರೆ ಸಂಶಯಪಡಬೇಕೆಂಬ ರೂಢಿಯ ಸಲಹೆ ಅಲ್ಲಿ ಅಷ್ಟಾಗಿ ಒದಗುವುದಿಲ್ಲ. 2025ರ ಜನವರಿ 30ರಿಂದ ಆಂಧ್ರ ಸರ್ಕಾರವೇ ‘ಮನ ಮಿತ್ರ’ದ ಮೂಲಕ ವಾಟ್ಸಾಪ್‌ನಲ್ಲಿ ಸೇವೆ ಒದಗಿಸುತ್ತಿರುವಾಗ, ವಾಟ್ಸಾಪ್‌ನಲ್ಲಿ ಬಂದದ್ದೆಲ್ಲ ಸುಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. ಕಡಲೆಕಾಯಿ ಬೆಳೆಯುವ ಈ ಮಳೆಯಾಶ್ರಿತ ನಾಡಿನ ರೈತರಿಗೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡುವ ಪಿಎಂ ಕಿಸಾನ್ ಯೋಜನೆ ಚಿರಪರಿಚಿತ. ಅದರ ಹೆಸರನ್ನೇ ಹೊತ್ತ ನಕಲಿ ಎಪಿಕೆ ಕಡತಗಳು, ಎಂದರೆ ಪ್ಲೇ ಸ್ಟೋರ್‌ನ ಹೊರಗಿನಿಂದ ನೇರವಾಗಿ ಆ್ಯಪ್ ಸ್ಥಾಪಿಸುವ ಕಡತಗಳು, ತೆಲುಗು ರಾಜ್ಯಗಳಲ್ಲಿ ಹರಿದಾಡಿವೆ. ಇಂಥ ಆ್ಯಪ್ ಎಸ್ಸೆಮ್ಮೆಸ್ ಓದುವ ಅನುಮತಿ ಪಡೆದು ಬ್ಯಾಂಕಿನ ಒಟಿಪಿಯನ್ನು ಕದಿಯುತ್ತದೆ. ವಶವಾದ ಮೊಬೈಲಿನಿಂದ ಅದೇ ಕಡತ ಬಂಧುಮಿತ್ರರ ಗುಂಪುಗಳಿಗೂ ಹೋಗುವುದುಂಟಾದ್ದರಿಂದ, ಕಳಿಸಿದವರು ಪರಿಚಿತರೆಂಬುದು ಯಾವ ಖಾತರಿಯೂ ಅಲ್ಲ.

ನಂಬಬಹುದಾದ ಗುರುತೆಂದರೆ ವಿಳಾಸವೇ. ಲಿಂಕನ್ನು ತೆರೆಯದೆ ಬೆರಳಿನಿಂದ ಒತ್ತಿ ಹಿಡಿದರೆ ಪೂರ್ತಿ ವಿಳಾಸ ಸಾಮಾನ್ಯವಾಗಿ ಕಾಣಿಸುತ್ತದೆ. ಆರಂಭದ ಜೋಡಿ ಓರೆಗೆರೆಗಳನ್ನು ದಾಟಿ, ಮುಂದಿನ ಒಂಟಿ ಓರೆಗೆರೆಯವರೆಗಿನ ಭಾಗವನ್ನು ಬಲತುದಿಯಿಂದ ಓದಬೇಕು. ‘ಪಿಎಂಕಿಸಾನ್.ಗವ್.ಇನ್’ ಸರ್ಕಾರದ್ದು, ‘ಪಿಎಂಕಿಸಾನ್-ಗವ್-ಇನ್.ಕಾಂ’ ಮಾದರಿಯದು ‘ಕಾಂ’ನಲ್ಲಿ ಮುಗಿಯುವುದರಿಂದ, ದುಡ್ಡು ಕೊಟ್ಟ ಯಾರು ಬೇಕಾದರೂ ಕೊಳ್ಳಬಹುದಾದ ಹೆಸರು. ಬೀಗದ ಚಿತ್ರವಿದ್ದರೆ ಸಂಪರ್ಕ ಗೂಢಲಿಪಿಯಲ್ಲಿದೆ ಎಂದಷ್ಟೇ ಅರ್ಥ. ಕಳ್ಳನ ತಾಣಕ್ಕೂ ಬೀಗ ಸಿಗುತ್ತದೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘.ಬ್ಯಾಂಕ್.ಇನ್’ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದ್ದು ಈ ಓದನ್ನು ಸುಲಭಗೊಳಿಸಿತು.

ಕಡತವನ್ನು ಸ್ಥಾಪಿಸಿಬಿಟ್ಟಿದ್ದರೆ ಮೊಬೈಲಿನ ಡೇಟಾ, ವೈಫೈ ಎರಡನ್ನೂ ನಿಲ್ಲಿಸಿ, ಬೇರೊಂದು ಫೋನಿನಿಂದ ಬ್ಯಾಂಕಿಗೂ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ಕೂಡಲೇ ತಿಳಿಸಬೇಕು. ಆ್ಯಪ್ ಅಳಿಸುವುದು ಆಮೇಲಿನ ಕೆಲಸ. ಗುಟ್ಟಿನ ವಿವರವನ್ನು ತಾನೇ ಕೊಟ್ಟ ಗ್ರಾಹಕನು ದೂರು ಸಲ್ಲಿಸುವವರೆಗಿನ ನಷ್ಟವನ್ನು ಹೊರಬೇಕು, ದೂರಿನ ನಂತರದ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗೊತ್ತುಪಡಿಸಿತು.