ವಿನೆಗರಿನ ಪರೀಕ್ಷೆ, ಮತ್ತ ನಮ್ಮ ಓಣಿಗೆ ಬಂದ ಚೀಟಿ

ಹೋದ ವಾರ ಆಶಾ ಕಾರ್ಯಕರ್ತೆ ನಮ್ಮ ಓಣ್ಯಾಗ ಮನಿಮನಿಗೆ ಚೀಟಿ ಹಂಚಿ ಹೋದ್ಲು. ಗರ್ಭಕೋಶದ ಬಾಯಿ ಕ್ಯಾನ್ಸರ್ ತಪಾಸಣಿ, ಪುಕ್ಕಟೆ. ಸಂಜಿಮುಂದ ಕಟ್ಟಿ ಮ್ಯಾಲೆ ಅದ ಮಾತು. "ಏನೂ ಆಗಿಲ್ಲ, ಯಾಕ ಹೋಗಿ ತೋರಿಸಬೇಕು?" ಅಂದ್ಲು ಕಾಕು. "ಹೋದ್ರ ಏನರ ಒಂದು ಹೆಸರಿಟ್ಟ ಕಳಸ್ತಾರ" ಅಂದ್ರು ಬಾಜೂಮನಿಯವರು.

ನಾ ಸುಮ್ಮನಿದ್ದೆ. ಯಾಕಂದ್ರ ನಮ್ಮ ಮನ್ಯಾಗ ಎರಡೂ ಕಂಡೇನಿ. ನಮ್ಮವ್ವ ಮುಟ್ಟು ನಿಂತು ಎಷ್ಟೋ ವರ್ಷ ಆದಮ್ಯಾಲೆ ಮತ್ತ ರಕ್ತ ಹೋಗಾಕ ಹತ್ತಿದ್ದನ್ನ ಎರಡು ವರ್ಷ ಮುಚ್ಚಿಟ್ಲು. ನಮಗ ಗೊತ್ತಾಗೂದ್ರಾಗ ಕೈ ಮೀರಿತ್ತು. ನನ್ನ ನೆಗೆಣ್ಣಿ ಬೆಂಗಳೂರಾಗ ಇಡೀ ಮೈ ಪರೀಕ್ಷೆಯ ಪ್ಯಾಕೇಜ್ ಮಾಡಿಸಿದ್ಲು. ಕುತ್ತಿಗ್ಯಾಗ ಜ್ವಾಳದ ಕಾಳಿನಷ್ಟ ಗಂಟು ಸಿಕ್ಕಿತು, ಥೈರಾಯ್ಡ್ ಪೂರಾ ತಗಸಿದ್ರು. ಈಗ ದಿನಾ ಮುಂಜಾನೆ ಗುಳಿಗಿ ನುಂಗ್ತಾಳ. ಅದಕ್ಕ ಈ ತಪಾಸಣಿ ಎಲ್ಲಿಂದ ಹುಟ್ಟಿತು ಅಂತ ಓದಿ ತಿಳಕೊಂಡಷ್ಟು ಬರೀತೀನಿ.

ಮೊದಲು ಹುಟ್ಟಿದ್ದು ಒಂದು ಗಂಡ-ಹೆಂಡತಿ ಸಂಸಾರದಾಗ. ಗ್ರೀಸ್ ದೇಶದ ಡಾಕ್ಟರ್ ಜಾರ್ಜ್ ಪಾಪನಿಕೊಲಾವ್ 1913ರಾಗ ಹೆಂಡತಿ ಆಂಡ್ರೊಮಾಕಿ ಜೋಡಿ ನ್ಯೂಯಾರ್ಕಿಗೆ ಬಂದ. ಕೈಯಾಗ ರೊಕ್ಕ ಇಲ್ಲ. ಅವ ಚಾಪಿ-ಜಮಖಾನಿ ಮಾರಿದ, ಆಕಿ ಅಂಗಡ್ಯಾಗ ಗುಂಡಿ ಹಚ್ಚು ಕೆಲಸ ಹಿಡದ್ಲು. ಮುಂದ ಅವಗ ಪ್ರಯೋಗಶಾಲ್ಯಾಗ ಕೆಲಸ ಸಿಕ್ಕಾಗ ಆಕೀನೂ ಪಗಾರ ಇಲ್ಲದ ಅವನ ಜೋಡಿ ದುಡದ್ಲು. ಅಷ್ಟ ಅಲ್ಲ, ಸುಮಾರು 21 ವರ್ಷ ತನ್ನ ಮೈಯಿಂದನ ಅವಗ ಸ್ಯಾಂಪಲ್ ಕೊಟ್ಲು. ಆರೋಗ್ಯದಾಗ ಇರೋ ಹೆಣ್ಮಗಳ ಒಳಗಿನ ಜೀವಕೋಶ ಹ್ಯಾಂಗಿರ್ತಾವ ಅಂತ ಗೊತ್ತಿದ್ರ ಅಲ್ಲೇನ ಕೆಟ್ಟದ್ದು ಗುರ್ತು ಹತ್ತೂದು! 1928ರಾಗ ಅವ ಹೇಳಿದಾಗ ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ. 1943ರಾಗ ಪುಸ್ತಕ ಬಂದಮ್ಯಾಲೆ ಒಪ್ಪಿದ್ರು. ಪ್ಯಾಪ್ ಅನ್ನೂದು ಅವನ ಹೆಸರು. ಆಕಿ ಹೆಸರು ಯಾವ ಪರೀಕ್ಷೆಗೂ ಇಡಲಿಲ್ಲ, ಇರಲಿ.

ಈ ಪ್ಯಾಪ್ ಪರೀಕ್ಷೆಗೆ ಸೂಕ್ಷ್ಮದರ್ಶಕ ಬೇಕು, ಅದನ್ನ ನೋಡಿ ಓದೋ ಕಲಿತ ಮಂದಿ ಬೇಕು. ನಮ್ಮ ಹಳ್ಳಿಗೆ ಎಲ್ಲಿಂದ ತರೂದು? ಮುಂಬೈಯ ಟಾಟಾ ಆಸ್ಪತ್ರೆಯವರು 1998ರಾಗ ಝೋಪಡಪಟ್ಟಿಗಳೊಳಗ ವಿನೆಗರ್ ಹಚ್ಚಿ ನೋಡಾಕ ಶುರು ಮಾಡಿದ್ರು. ಗರ್ಭಕೋಶದ ಬಾಯಿಗೆ ಅದನ್ನ ಹಚ್ಚಿ ಒಂದು ನಿಮಿಷ ಕಾದ್ರ, ಕೆಟ್ಟ ಜಾಗ ಬೆಳ್ಳಗ ಆಗ್ತದ. ನೋಡಿದವರು ಡಾಕ್ಟರ್ ಅಲ್ಲ, ಹತ್ತನೇತ್ತೆ ಓದಿ ತರಬೇತಿ ತಗೊಂಡ ಹೆಣ್ಮಕ್ಕಳು. ಎರಡು ವರ್ಷಕ್ಕೊಮ್ಮೆ, ನಾಕು ಸುತ್ತು. ಒಟ್ಟು ಒಂದೂವರೆ ಲಕ್ಷ ಹೆಣ್ಮಕ್ಕಳ ಲೆಕ್ಕ, 12 ವರ್ಷ. ತಪಾಸಣಿ ಆದವರೊಳಗ ಈ ಕ್ಯಾನ್ಸರಿಂದ ಸಾಯೂದು ನೂರಕ್ಕ 31ರಷ್ಟು ಕಡಿಮಿ ಆತು.

ಆದ್ರ ಉಳಿದ ಅರ್ಧ ಹೆಣ್ಮಕ್ಕಳಿಗೆ ಆಗ ತಪಾಸಣಿ ಮಾಡಲಿಲ್ಲ, ತಿಳುವಳಿಕೆ ಅಷ್ಟ ಕೊಟ್ರು. ಹೋಲಿಸಿ ನೋಡಾಕ ಹಂಗ ಬೇಕು ಅಂತ ಒಂದು ವಾದ. ಪ್ಯಾಪ್ ಅನ್ನೂದು ಗೊತ್ತಿದ್ದೂ ಅವರನ್ನ ಹಂಗ ಬಿಟ್ಟಿದ್ದು ತಪ್ಪು ಅಂತ ಜಗಳಾಡಿದವರೂ ಅದಾರ. ಅವ್ವನ್ನ ನೆನಸಿಕೊಂಡ್ರ ನನಗೂ ಅದು ಕರುಳಿಗೆ ಹತ್ತತದ.

ನಮ್ಮ ಸೊಲ್ಲಾಪುರದ ಆಚೆ ಉಸ್ಮಾನಾಬಾದ ಹಳ್ಳಿಗಳಾಗ ಇನ್ನೊಂದು ನಡೀತು. ಅಲ್ಲೆ ಒಂದ ಒಂದು ಸಲ ಪರೀಕ್ಷೆ. 2009ರಾಗ ಫಲಿತಾಂಶ ಬಂತು: ವೈರಸ್ ಹುಡುಕೋ ಎಚ್‌ಪಿವಿ ಪರೀಕ್ಷೆ ಗುಂಪಿನ್ಯಾಗ 34 ಮಂದಿ ಸತ್ತಿದ್ರ, ಪರೀಕ್ಷೆ ಇಲ್ಲದ ಗುಂಪಿನ್ಯಾಗ 64. ವಿನೆಗರ್ ಒಮ್ಮೆ ಅಷ್ಟ ಹಚ್ಚಿದ್ದು ಅಲ್ಲಿ ಅಂಥಾ ಫರಕು ಮಾಡಲಿಲ್ಲ. ಮತ್ತ ಬರೇ ಉರಿಯೂತ ಇದ್ರೂ ಬೆಳ್ಳಗ ಆಗ್ತದ. ಬೆಳ್ಳಗ ಕಂಡಿದ್ದೆಲ್ಲಾ ಕ್ಯಾನ್ಸರ್ ಅಲ್ರಿ, ಹೆದರಿ ಅಳಬ್ಯಾಡ್ರಿ.

ಇನ್ನ ನೆಗೆಣ್ಣಿ ಕತಿ. ಹಂಗ ಒಂದು ದೇಶಕ್ಕ ದೇಶನ ಆಗೇದ. ದಕ್ಷಿಣ ಕೊರಿಯಾದಾಗ 1999ರಿಂದ ಸರ್ಕಾರ ಕ್ಯಾನ್ಸರ್ ತಪಾಸಣಿ ನಡಸ್ತು. ಥೈರಾಯ್ಡ್ ಆ ಪಟ್ಟಿಯೊಳಗ ಇರಲಿಲ್ಲ. ಆದ್ರ ಆಸ್ಪತ್ರೆಯವರು "ಇನ್ನಷ್ಟು ರೊಕ್ಕ ಕೊಟ್ರ ಅದನ್ನೂ ನೋಡ್ತೀವಿ" ಅಂದ್ರು, ಮಂದಿ ಮಾಡಿಸಿದ್ರು. 2011ಕ್ಕ ಥೈರಾಯ್ಡ್ ಕ್ಯಾನ್ಸರ್ 1993ಕ್ಕಿಂತ 15 ಪಟ್ಟು ಆತು, ಒಂದ ವರ್ಷಕ್ಕ 40,000 ಮ್ಯಾಲೆ. ಸಾಯವ್ರು? ಮೊದಲಿನಷ್ಟ, ವರ್ಷಕ್ಕ 400ರೊಳಗ. ಅಂದ್ರ ಹುಡುಕಿ ತಗದ ಗಂಟುಗಳಾಗ ಭಾಳಷ್ಟು ಸಾಯೂತನಕ ಸುಮ್ಮನ ಮಲಗಿರತಿದ್ವು. ಕೊಯ್ಸಿಕೊಂಡವರಾಗ ನೂರಕ್ಕ ಇಬ್ಬರಿಗೆ ಧ್ವನಿಪೆಟ್ಟಿಗಿ ನರಕ್ಕ ಪೆಟ್ಟು ಬಿತ್ತು. 2014ರಾಗ ಅಲ್ಲಿನ ಡಾಕ್ಟರುಗಳ ಎದ್ದುನಿಂತು ಇದು ಬ್ಯಾಡ ಅಂದ್ರು. ವರ್ಷದೊಳಗ ಆಪರೇಷನ್ ಮೂರನೇ ಒಂದು ಪಾಲು ಇಳದ್ವು. ನೆಗೆಣ್ಣಿಗೆ ಇದನ್ನ ಹೇಳೂ ಧೈರ್ಯ ನನಗಿನ್ನೂ ಬಂದಿಲ್ಲ. ತಾ ಉಳಕೊಂಡೆ ಅಂತ ದೇವರಿಗೆ ಹರಕಿ ತೀರಿಸ್ಯಾಳ. ಆಕೀದು ಯಾವ ನಮೂನಿದಿತ್ತೋ ನಾ ಯಾರು ಹೇಳಾಕ?

ಎದಿ ಫೋಟೋದ್ದು ನಡುವಿನ ಲೆಕ್ಕ. 2012ರಾಗ ಇಂಗ್ಲೆಂಡಿನ ಸಮಿತಿ ಹೇಳಿದ್ದು: 50 ದಾಟಿದ 10,000 ಮಂದೀನ 20 ವರ್ಷ ಕರೆದ್ರ 43 ಜೀವ ಉಳೀತಾವ, 129 ಮಂದಿ ಎಂದೂ ಕಾಡದ ಗಂಟಿಗೆ ಔಷಧ-ಆಪರೇಷನ್ ಅನುಭವಸ್ತಾರ.

ಒಂದು ಮಾತು ನಮ್ಮವ್ವನ ಸಲುವಾಗಿ. ತಪಾಸಣಿ ಅನ್ನೂದು ಏನೂ ತ್ರಾಸ ಇಲ್ಲದವರಿಗೆ. ಮುಟ್ಟು ನಿಂತಮ್ಯಾಲೆ ರಕ್ತ ಕಂಡ್ರ ಕ್ಯಾಂಪ್ ಕಾಯಬ್ಯಾಡ್ರಿ, ಮರುದಿನಾನ ಡಾಕ್ಟರ ಕಡೆ ಹೋಗ್ರಿ.

ಶುಕ್ರವಾರ ಹತ್ತಕ್ಕ ಕ್ಯಾಂಪು. ಮುಟ್ಟು ನಿಂತವರಿಗೆ ಆ ಜಾಗ ಒಳಗ ಸರೀತದ, ವಿನೆಗರಿನಾಗ ಸರಿ ಕಾಣೂದಿಲ್ಲ ಅಂತ ಓದೇನಿ. ನನಗೀಗ 54. ಅದಕ್ಕ ಎಚ್‌ಪಿವಿ ಪರೀಕ್ಷೆ ಎಲ್ಲೆ ಮಾಡ್ತಾರ ಅಂತ ಅಲ್ಲೇ ಕೇಳಾಂವ ಇದ್ದೀನಿ ಅಂದ್ರ ನಗ್ತೀರಿ, ಕೇಳಾಕಿ ಇದ್ದೀನಿ. ಕಾಕೂನ ಸೊಸಿ ಹೆಸರು ಬರಸ್ಯಾಳ. ಕಾಕು ಮಾತ್ರ ನೋಡಾಕಿ ಹೆಣ್ಮಗಳ ಹೌದಲ್ಲೋ ಅಂತ ಆಶಾಗ ಎರಡು ಸಲ ಕೇಳಿ, ಆಮ್ಯಾಲೆ ಚೀಟಿ ಮಡಚಿ ಸೊಂಟದ ಚೀಲದಾಗ ಇಟ್ಕೊಂಡ್ಲು.