ಸಾಫ್ಟ್‌ವೇರ್ ಸಂತೆ ಮತ್ತು ಸುಂಕದವರು

ಹೋದ ಹಬ್ಬಕ್ಕೆ ತಿಪಟೂರಿಗೆ ಹೋಗಿದ್ದೆ. ಮಾವನ ಹಾರ್ಡ್‌ವೇರ್ ಅಂಗಡಿ ಇರೋದು ಅಲ್ಲೇ. ಅವರ ಸೊಸೆ, ಅಂದರೆ ನನ್ನ ಅತ್ತಿಗೆ, ಎರಡು ವರ್ಷದಿಂದ ಮನೆಯಲ್ಲೇ ಚಟ್ನಿಪುಡಿ, ಹಪ್ಪಳ, ಕೊಬ್ಬರಿ ಮಿಠಾಯಿ ಮಾಡಿ ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ. ಊಟ ಮುಗಿಸಿ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮೊಬೈಲ್ ಮುಂದೆ ಹಿಡಿದರು.

"ನೋಡಪ್ಪಾ, ಹಳೇ ಗಿರಾಕಿಗಳಿಗೆ ಹಬ್ಬದ ಹಿಂದಿನ ವಾರ ಒಂದು ಮೆಸೇಜ್ ಹೋಗಬೇಕು, ಅಷ್ಟೆ. ಅದಕ್ಕೆ ಇಲ್ಲಿ ಇಷ್ಟೊಂದು ಆ್ಯಪ್ ತೋರಿಸ್ತಾ ಇದೆ. ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್! ಯಾವುದು ತಗೊಳ್ಲಿ?"

ನಾನು ಒಂದೊಂದೇ ತೆರೆದು ನೋಡುತ್ತಾ ಕೂತೆ. ಅರ್ಧ ಗಂಟೆ ಆಯಿತು. ಮಾವ ಎಲೆ ಅಡಿಕೆ ತಟ್ಟೆ ಎಳೆದುಕೊಳ್ಳುತ್ತಾ ಅಂದರು, "ಟ್ಯಾಲಿ ಹಾಕ್ಕೊಟ್ಟ ಹುಡುಗ ಇದಾನಲ್ಲಮ್ಮ, ಅವನಿಗೇ ಒಂದು ಫೋನ್ ಮಾಡು. ಇಂಜಿನಿಯರಿಂಗ್ ಓದಿದೋರನ್ನ ಕೇಳಿದ್ರೆ ಬೆಳಗಾಗುತ್ತೆ." :)

ನಗು ಬಂತು, ಸ್ವಲ್ಪ ಚುಚ್ಚಿತು ಕೂಡ. ಯಾಕೆಂದರೆ ಅಂಥದೇ ಒಂದು ಪಟ್ಟಿಯಲ್ಲಿ ಒಂದು ಕಾಲಕ್ಕೆ ನಾನೂ ಒಂದು ಸಾಲಾಗಿದ್ದೆ. ಆ ಕಥೆ ಆಮೇಲೆ ಹೇಳುತ್ತೇನೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ, ಸಣ್ಣ ವ್ಯಾಪಾರಗಳಿಗೆ ಸಾಫ್ಟ್‌ವೇರ್ ಮಾರುವ ಈ ಆನ್‌ಲೈನ್ ಸಂತೆಗಳು ಹುಟ್ಟಿದ್ದು ಹೇಗೆ ಅಂತ ಓದುತ್ತಾ ಹೋದೆ. ಓದಿದ್ದನ್ನು ನಿಮಗೂ ಹೇಳೋಣ ಅನ್ನಿಸಿತು.

ಶುರು ಮಾಡಬೇಕಾದ್ದು ಇಂಟರ್ನೆಟ್ಟಿಗಿಂತ ಹಿಂದೆ, 1982ರಲ್ಲಿ. ಐಬಿಎಂ ಪಿಸಿ ಬಂದು ಒಂದು ವರ್ಷವಾಗಿತ್ತಷ್ಟೆ. ಅಮೆರಿಕದಲ್ಲಿ ಜಿಮ್ ನಾಫ್ ಅನ್ನುವ ಐಬಿಎಂ ಉದ್ಯೋಗಿ ತನ್ನ ಚರ್ಚಿನವರ ವಿಳಾಸದ ಚೀಟಿ ಮುದ್ರಿಸಲು ಒಂದು ಪುಟ್ಟ ಡೇಟಾಬೇಸ್ ಬರೆದುಕೊಂಡಿದ್ದ. ಅದೇ ಮುಂದೆ ಪಿಸಿ-ಫೈಲ್ ಆಯಿತು. ಅದೇ ಹೊತ್ತಿಗೆ ಆ್ಯಂಡ್ರೂ ಫ್ಲೂಗಲ್‌ಮನ್ ಪಿಸಿ-ಟಾಕ್ ಬರೆದಿದ್ದ. ಇಬ್ಬರೂ ಬೇರೆ ಬೇರೆಯಾಗಿಯೇ ಒಂದೇ ಉಪಾಯ ಹೂಡಿದ್ದರು: ಪ್ರೋಗ್ರಾಮನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಿ, ಇಷ್ಟವಾದರೆ ದುಡ್ಡು ಕಳಿಸಿ. ನಾಫ್ ಕೇಳಿದ್ದು 10 ಡಾಲರ್, ಫ್ಲೂಗಲ್‌ಮನ್ 25. ಮರುವರ್ಷ ಮೈಕ್ರೋಸಾಫ್ಟ್ ಬಿಟ್ಟು ಬಂದ ಬಾಬ್ ವ್ಯಾಲೇಸ್ ಪಿಸಿ-ರೈಟ್ ಅನ್ನುವ ವರ್ಡ್ ಪ್ರೊಸೆಸರ್ ತಂದ. ಇವನದು ಇನ್ನೂ ಮಜವಾದ ಲೆಕ್ಕ. ನೋಂದಣಿಗೆ 75 ಡಾಲರ್; ನೋಂದಾಯಿಸಿದವನ ಪ್ರತಿಯನ್ನು ನಕಲು ಮಾಡಿಕೊಂಡವನು ಮುಂದೆ ತಾನೂ ನೋಂದಾಯಿಸಿದರೆ ಮೊದಲಿನವನಿಗೆ 25 ಡಾಲರ್ ಕಮಿಷನ್. ಶೇರ್‌ವೇರ್ ಅನ್ನುವ ಮಾತು ಚಾಲ್ತಿಗೆ ಬಂದಿದ್ದು ಈ ದಿನಗಳಲ್ಲೇ.

ಇಲ್ಲಿ ನನಗೆ ಮುಖ್ಯ ಅನ್ನಿಸಿದ್ದು ದುಡ್ಡಲ್ಲ, ಲಕೋಟೆ. ದುಡ್ಡು ಕಳಿಸುವವನು ತನ್ನ ಹೆಸರು ವಿಳಾಸ ಬರೆದು ನೇರವಾಗಿ ಪ್ರೋಗ್ರಾಂ ಬರೆದವನಿಗೇ ಅಂಚೆಗೆ ಹಾಕುತ್ತಿದ್ದ. ನಡುವೆ ಪಿಸಿ-ಸಿಗ್‌ನಂಥವರು ಕ್ಯಾಟಲಾಗ್ ಮುದ್ರಿಸಿ, ಕೆಲವೇ ಡಾಲರಿಗೆ ಒಂದರಂತೆ ಫ್ಲಾಪಿ ಮಾರುತ್ತಿದ್ದರು, ನಿಜ. ಆದರೆ ನೋಂದಾಯಿಸಿದ ಗಿರಾಕಿಗಳ ಪಟ್ಟಿ ಇರುತ್ತಿದ್ದದ್ದು ಬರೆದವನ ಮೇಜಿನ ಮೇಲೆ.

ಇನ್ನು ಮುಂದಿನ ಹದಿನೈದಿಪ್ಪತ್ತು ವರ್ಷ ಪೆಟ್ಟಿಗೆಯಲ್ಲಿ ಬರುವ ಸಾಫ್ಟ್‌ವೇರ್ ಕಾಲ. ಅದು ಬೇಡ ಬಿಡಿ, ಸೀದಾ 1999ಕ್ಕೆ ಬರೋಣ.

ಒರಾಕಲ್ ಕಂಪನಿಯಲ್ಲಿದ್ದ ಮಾರ್ಕ್ ಬೆನಿಯಾಫ್ ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಅಪಾರ್ಟ್‌ಮೆಂಟಿನಲ್ಲಿ ಜೊತೆಗಾರರೊಂದಿಗೆ ಸೇಲ್ಸ್‌ಫೋರ್ಸ್ ಶುರು ಮಾಡಿದ. ಸಾಫ್ಟ್‌ವೇರ್ ಅನ್ನುವ ಪದದ ಮೇಲೆ ಕೆಂಪು ಗೀಟು ಹೊಡೆದದ್ದೇ ಅವರ ಲಾಂಛನ. ಗಿರಾಕಿಗಳ ಲೆಕ್ಕ ಇಡುವ ಪ್ರೋಗ್ರಾಂ ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಇರಬೇಕಿಲ್ಲ, ಬ್ರೌಸರಿನಲ್ಲೇ ಬಳಸಿ, ತಿಂಗಳ ಬಾಡಿಗೆ ಕೊಡಿ ಅನ್ನೋದು ಅವರ ವಾದ. ಸಾಫ್ಟ್‌ವೇರೇ ಬೇಡ ಅಂದವರೇ ಮುಂದೆ ಸಾಫ್ಟ್‌ವೇರಿಗೆ ದೊಡ್ಡ ಸಂತೆ ಕಟ್ಟಿದ್ದು ತಮಾಷೆ.

2005ರಲ್ಲಿ ಘೋಷಿಸಿ 2006ರ ಜನವರಿಯಲ್ಲಿ ತೆರೆದ ಆ ಸಂತೆಯ ಹೆಸರು ಆ್ಯಪ್‌ಎಕ್ಸ್‌ಚೇಂಜ್. ಅಷ್ಟು ಹೊತ್ತಿಗೆ ಅದು ಯಾಕೆ ಸಾಧ್ಯವಾಯಿತು ಅನ್ನೋದನ್ನ ಸ್ವಲ್ಪ ನಿಂತು ನೋಡಬೇಕು. ಪೆಟ್ಟಿಗೆ ಸಾಫ್ಟ್‌ವೇರಿನ ಕಾಲದಲ್ಲಿ ನೂರು ಅಂಗಡಿಗಳಲ್ಲಿ ನೂರು ಥರದ ಕಂಪ್ಯೂಟರ್. ಒಂದರಲ್ಲಿ ಹಳೇ ವಿಂಡೋಸ್, ಇನ್ನೊಂದರಲ್ಲಿ ಅರ್ಧಂಬರ್ಧ ಅಪ್‌ಡೇಟ್, ಮತ್ತೊಂದರಲ್ಲಿ ಪ್ರಿಂಟರ್ ಕೆಟ್ಟಿದೆ. ಅಲ್ಲಿಗೆ ಒಂದು ಪುಟ್ಟ ಹೆಚ್ಚುವರಿ ಸೌಲಭ್ಯ ಸೇರಿಸಬೇಕೆಂದರೂ ಒಬ್ಬ ಮನುಷ್ಯ ಹೋಗಿ ಕೂರಬೇಕು. ಸೇಲ್ಸ್‌ಫೋರ್ಸ್‌ನಲ್ಲಿ ಹಾಗಲ್ಲ. ಎಲ್ಲ ಗಿರಾಕಿಗಳಿಗೂ ಓಡುತ್ತಿದ್ದದ್ದು ಒಂದೇ ಕೋಡ್, ಒಂದೇ ವಠಾರದಲ್ಲಿ ಬೇರೆ ಬೇರೆ ಮನೆ ಇದ್ದ ಹಾಗೆ. ಒಮ್ಮೆ ಬರೆದ ಪೂರಕ ಪ್ರೋಗ್ರಾಂ ಎಲ್ಲರ ಮನೆಗೂ ಹೊಂದುತ್ತದೆ, ಒಂದು ಗುಂಡಿ ಒತ್ತಿದರೆ ಸಾಕು. ಸಂತೆ ಕಟ್ಟಲು ಬೇಕಾದ ಸಮತಟ್ಟಾದ ಬಯಲು ಸಿಕ್ಕಿದ್ದು ಹೀಗೆ. ಆದರೆ ಬಯಲಿಗೆ ಒಬ್ಬ ಯಜಮಾನನೂ ಇರುತ್ತಾನಲ್ಲ!

ಹೆಸರಿನ ಬಗ್ಗೆ ಒಂದು ಉಪಕಥೆ ಇದೆ, ಬೆನಿಯಾಫ್ ತಾನೇ ಹಲವು ಸಲ ಹೇಳಿಕೊಂಡದ್ದು. ಕಂಪನಿಯ ಸುತ್ತ ಆ್ಯಪ್‌ಗಳ ಒಂದು ವ್ಯವಸ್ಥೆ ಬೆಳೆಸು ಅಂತ ಸ್ಟೀವ್ ಜಾಬ್ಸ್ ಅವನಿಗೆ ಬುದ್ಧಿ ಹೇಳಿದ್ದನಂತೆ. ಇವನು ಅದಕ್ಕೆ ಮೊದಲು ಇಟ್ಟುಕೊಂಡ ಹೆಸರು ಆ್ಯಪ್ ಸ್ಟೋರ್. ಅದರ ವೆಬ್ ವಿಳಾಸವನ್ನೂ ಕೊಂಡಿಟ್ಟಿದ್ದ. ಆದರೆ ಗಿರಾಕಿಗಳಿಗೆ ಆ ಹೆಸರು ಹಿಡಿಸಲಿಲ್ಲ, ಆ್ಯಪ್‌ಎಕ್ಸ್‌ಚೇಂಜ್ ಆಯಿತು. 2008ರಲ್ಲಿ ಜಾಬ್ಸ್ ವೇದಿಕೆ ಮೇಲೆ ಐಫೋನಿನ ಆ್ಯಪ್ ಸ್ಟೋರ್ ಘೋಷಿಸಿದಾಗ ಬೆನಿಯಾಫ್ ಅಲ್ಲೇ ಕೂತಿದ್ದ. ಆಮೇಲೆ ಆ ವಿಳಾಸವನ್ನೂ ಟ್ರೇಡ್‌ಮಾರ್ಕನ್ನೂ ಗುರುದಕ್ಷಿಣೆ ಥರ ಜಾಬ್ಸ್‌ಗೆ ಕೊಟ್ಟುಬಿಟ್ಟ. 2011ರಲ್ಲಿ ಅದೇ ಹೆಸರಿಗಾಗಿ ಆ್ಯಪಲ್ ಅಮೆಜಾನ್ ಮೇಲೆ ಕೋರ್ಟಿಗೆ ಹೋಯಿತು. ಜಗಳ ಮುಗಿದದ್ದು 2013ರಲ್ಲಿ.

ಮುಂದೆ ಗೂಗಲ್ ಬಂತು. 2006ರಿಂದಲೇ ಸಣ್ಣ ಕಂಪನಿಗಳಿಗೆ ಅವರದೇ ವಿಳಾಸದಲ್ಲಿ ಮೇಲ್ ಕೊಡುತ್ತಿತ್ತು. 2010ರ ಮಾರ್ಚಿನಲ್ಲಿ ಗೂಗಲ್ ಆ್ಯಪ್ಸ್ ಮಾರ್ಕೆಟ್‌ಪ್ಲೇಸ್ ತೆರೆದಾಗ ಅಲ್ಲಿ 50ಕ್ಕೂ ಹೆಚ್ಚು ಕಂಪನಿಗಳ ಸರಕಿತ್ತು. ಜಾಗ ಹಿಡಿಯಲು ಒಂದೇ ಸಲ 100 ಡಾಲರ್, ಮಾರಾಟದಲ್ಲಿ ಶೇಕಡಾ 20 ಪಾಲು ಅಂತ ಘೋಷಣೆ. ನಮ್ಮ ಪಕ್ಕದ ಚೆನ್ನೈನ ಜೋಹೋ ಕೂಡ ಅಲ್ಲಿ ಅಂಗಡಿ ಹಾಕಿತ್ತು. ಜೋಹೋದ ರೈಟರ್, ಶೀಟ್‌ಗಳು ಗೂಗಲ್ ಡಾಕ್ಸ್‌ಗೆ ನೇರ ಸ್ಪರ್ಧಿಗಳು ಅನ್ನೋದನ್ನ ನೆನಪಿಡಿ. ಎದುರಾಳಿಯ ಬಯಲಿನಲ್ಲೇ ಗುಡಾರ! ಗಿರಾಕಿ ಅಲ್ಲಿದ್ದರೆ ಅಲ್ಲಿಗೇ ಹೋಗಬೇಕು, ಬೇರೆ ದಾರಿ ಏನಿದೆ?

ಅತ್ತಿಗೆಯ ಕಥೆಗೆ ಹತ್ತಿರದ್ದು ಮಾತ್ರ ಶಾಪಿಫೈ. ಜರ್ಮನಿಯಿಂದ ಕೆನಡಾಕ್ಕೆ ಹೋದ ಟೋಬಿಯಾಸ್ ಲೂಟ್ಕ 2004ರಲ್ಲಿ ಗೆಳೆಯರ ಜೊತೆ ಆನ್‌ಲೈನಿನಲ್ಲಿ ಸ್ನೋಬೋರ್ಡ್ ಮಾರಲು ಹೊರಟ. ಸಿಕ್ಕ ಸಾಫ್ಟ್‌ವೇರ್ ಯಾವುದೂ ಮನಸ್ಸಿಗೆ ಬರದೆ ತಾನೇ ಬರೆದ. 2006ರಲ್ಲಿ ಅದನ್ನೇ ಬೇರೆ ಅಂಗಡಿಯವರಿಗೂ ಕೊಟ್ಟ, 2009ರಲ್ಲಿ ಹೊರಗಿನವರ ಆ್ಯಪ್‌ಗಳಿಗೆ ಬಾಗಿಲು ತೆರೆದ. ಹೆಚ್ಚಿನ ಅಂಗಡಿಗಳಿಗೆ ಬೇಕಾದ್ದನ್ನು ನಾವು ಕೊಡುತ್ತೇವೆ, ಉಳಿದದ್ದು ಆ್ಯಪ್ ಬರೆಯುವವರಿಗೆ ಬಿಡುತ್ತೇವೆ ಅನ್ನೋದು ಅವರ ನೀತಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇವತ್ತು ಕೆಲವರಿಗೆ ಬೇಕಾದ್ದು ನಾಳೆ ಎಲ್ಲರಿಗೂ ಬೇಕಾಗುತ್ತದೆ. ಆಗ ಗಡಿಕಲ್ಲು ಸರಿಯುತ್ತದೆ. ಸರಿಸುವವರು ಬಯಲಿನ ಯಜಮಾನರು.

2019ರ ಮಾರ್ಚಿನಲ್ಲಿ ಆದದ್ದು ನೋಡಿ. ಅಂಗಡಿಯವರು ಗಿರಾಕಿಗಳಿಗೆ ಮೇಲ್ ಕಳಿಸಲು ಬಳಸುತ್ತಿದ್ದ ಮೇಲ್‌ಚಿಂಪ್ ಶಾಪಿಫೈನ ಸಂತೆಯಿಂದ ಹೊರಬಿತ್ತು. ಮೇಲ್‌ಚಿಂಪ್ ಮೂಲಕ ಬಂದ ಗಿರಾಕಿಗಳ ಮಾಹಿತಿ ತನ್ನ ಕಡೆಗೂ ಸರಿಯಾಗಿ ಬರಬೇಕು ಅನ್ನೋದು ಶಾಪಿಫೈ ವಾದ. ಆ ಷರತ್ತು ಒಪ್ಪಿದರೆ ತನ್ನ ಬಳಕೆದಾರರ ಗೌಪ್ಯತೆಗೆ ಧಕ್ಕೆ ಅನ್ನೋದು ಮೇಲ್‌ಚಿಂಪ್ ವಾದ. ಅದೇ ವರ್ಷದ ಕೊನೆಗೆ ಶಾಪಿಫೈ ತನ್ನದೇ ಇಮೇಲ್ ಸೌಲಭ್ಯ ಘೋಷಿಸಿತು. ನಡುವೆ ಸಿಕ್ಕಿಕೊಂಡವರು ಎರಡನ್ನೂ ಬಳಸುತ್ತಿದ್ದ ಸಣ್ಣ ಅಂಗಡಿಯವರು. ಎರಡನ್ನೂ ಜೋಡಿಸುವ ಮೂರನೆಯವರ ಆ್ಯಪ್ ಹುಡುಕಿಕೊಂಡು ಅವರು ಅಲೆಯಬೇಕಾಯಿತು. 2021ರಲ್ಲಿ ರಾಜಿಯಾಗಿ ಮೇಲ್‌ಚಿಂಪ್ ಮರಳಿ ಬಂತು, ಅದೇ ವರ್ಷ ಸುಮಾರು 1200 ಕೋಟಿ ಡಾಲರಿಗೆ ಇಂಟ್ಯೂಟ್ ಪಾಲಾಯಿತು. ಜಗಳ ನಡೆದದ್ದು ಶೇಕಡಾವಾರು ಸುಂಕಕ್ಕಲ್ಲ, ಗಿರಾಕಿಗಳ ಪಟ್ಟಿಗೆ. ಸುಂಕವನ್ನು ಬೇಕಾದರೆ ಬಿಟ್ಟುಕೊಡುತ್ತಾರೆ. ಅದೇ 2021ರಲ್ಲಿ ಶಾಪಿಫೈ ಆ್ಯಪ್ ಬರೆಯುವವರಿಗೆ ವರ್ಷದ ಮೊದಲ 10 ಲಕ್ಷ ಡಾಲರ್ ಆದಾಯದ ಮೇಲಿನ ಪಾಲನ್ನು ಮಾಫಿ ಮಾಡಿತು. ಪಟ್ಟಿಯನ್ನು ಮಾತ್ರ ಯಾರೂ ಮಾಫಿ ಮಾಡುವುದಿಲ್ಲ.

ಈಗ ನನ್ನ ಕಥೆ. ನಾನೂ ನನ್ನ ರೂಮ್‌ಮೇಟೂ ಸೇರಿ, ಗಿರಾಕಿ ತನಗೆ ಬೇಕಾದ ಡೆಲಿವರಿ ದಿನ ಆರಿಸಿಕೊಳ್ಳುವ ಒಂದು ಪುಟ್ಟ ಆ್ಯಪ್ ಬರೆದು ಇಂಥದೇ ಒಂದು ಸಂತೆಯಲ್ಲಿಟ್ಟಿದ್ದೆವು (ಯಾವುದು ಅಂತ ಕೇಳಬೇಡಿ). ಆಫೀಸ್ ಮುಗಿಸಿ ಬಂದು ರಾತ್ರಿ ಒಂದು ಗಂಟೆವರೆಗೆ ಕೂತು ಎಂಟು ತಿಂಗಳು. ತಿಂಗಳಿಗೆ 4 ಡಾಲರ್, 140 ಅಂಗಡಿ. ಯಾವುದೋ ಊರಿನ ಕೇಕ್ ಅಂಗಡಿಯ ಅಜ್ಜಿ ನಮಗೆ ಥ್ಯಾಂಕ್ಸ್ ಬರೆದಿದ್ದರು, ಅದರ ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿದ್ದೆವು. ಒಂದು ದಿನ ಬೆಳಗ್ಗೆ ಸಂತೆಯವರ ಮೇಲ್: ಡೆಲಿವರಿ ದಿನದ ಸೌಲಭ್ಯ ಇನ್ನು ಮುಂದೆ ಎಲ್ಲ ಅಂಗಡಿಗಳಿಗೂ ಉಚಿತ. ಆರು ವಾರದಲ್ಲಿ ನಮ್ಮ ಪಟ್ಟಿ 11ಕ್ಕೆ ಇಳಿಯಿತು. ಬಿಟ್ಟು ಹೋದವರಿಗೆ ಒಂದು ಮಾತು ಬರೆಯೋಣ ಅಂದರೆ, ಆ್ಯಪ್ ತೆಗೆದ ಕೂಡಲೇ ಅವರ ಮಾಹಿತಿಯೂ ನಮ್ಮಿಂದ ಅಳಿಯಬೇಕು ಅನ್ನೋದು ನಿಯಮ. ಅಜ್ಜಿಯ ವಿಳಾಸ ಕೂಡ ಉಳಿಯಲಿಲ್ಲ. ಅವರದು ತಪ್ಪು ಅಂತಲೂ ಹೇಳೋಕಾಗಲ್ಲ. ಅಜ್ಜಿಗೆ ತಿಂಗಳಿಗೆ 4 ಡಾಲರ್ ಉಳಿಯಿತು, ಬಿಟ್ಟವರ ಮಾಹಿತಿ ನಮ್ಮ ಹತ್ತಿರ ಇರಬಾರದು ಅನ್ನೋದೂ ಸರಿಯೇ. ಆದರೂ ಆ ಪ್ರಿಂಟನ್ನು ಫ್ರಿಜ್ಜಿನಿಂದ ತೆಗೆಯಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಮಾವ ಹೇಳಿದ ಟ್ಯಾಲಿ ಹುಡುಗ ನೆನಪಾದ. ಟ್ಯಾಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1986ರಲ್ಲಿ, ಪ್ಯೂಟ್ರಾನಿಕ್ಸ್ ಅನ್ನುವ ಹೆಸರಿನಲ್ಲಿ. ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡಲು ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ, ಮಗ ಭರತ್ ಗೋಯೆಂಕಾ ಬರೆದುಕೊಟ್ಟರು. ಟ್ಯಾಲಿಗೆ ಪೂರಕ ಬರೆಯಲು ಟಿಡಿಎಲ್ ಅನ್ನುವ ಅದರದೇ ಭಾಷೆ ಇದೆ. ಅದನ್ನು ಕಲಿತ ಹುಡುಗರು ಬೈಕಿನಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ, ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚು ಬೇಕು ಅಂದರೆ ಹಾಕಿಕೊಟ್ಟು, ಕಾಫಿ ಕುಡಿದು ಬರುತ್ತಾರೆ. ಅಲ್ಲಿ ಸ್ಟಾರ್ ಇಲ್ಲ. ಪಕ್ಕದ ಅಂಗಡಿಯವನು ಹೇಳಿದ ಮಾತೇ ಸ್ಟಾರ್. ಹಾಗಂತ ಅದೇ ಚಿನ್ನ ಅನ್ನಲಾರೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎಲ್ಲರಿಗೂ ಅವನೇ ಬೇಕಾಗಿ, ಮಾವ ನಾಲ್ಕು ದಿನ ಕೈಬರಹದ ಬಿಲ್ ಕೊಟ್ಟಿದ್ದರು.

ಅತ್ತಿಗೆಗೆ ಮೊನ್ನೆ ಫೋನ್ ಮಾಡಿ, ಆ್ಯಪ್ ಯಾವುದು ಅನ್ನೋದು ಆಮೇಲೆ, ಮೊದಲು ಗಿರಾಕಿಗಳ ಪಟ್ಟಿ ಇಳಿಸಿಕೊಳ್ಳಿ ಅಂದೆ. ಗುಂಡಿ ಎಲ್ಲಿದೆ ಅಂತ ಹುಡುಕಲು ಇಬ್ಬರಿಗೂ ಇಪ್ಪತ್ತು ನಿಮಿಷ ಹಿಡಿಯಿತು, ಮೂರು ಮೆನು ಒಳಗಿತ್ತು. 326 ಹೆಸರು. ಅದನ್ನು ಪ್ರಿಂಟ್ ಮಾಡಿಸಿದ್ದಾರಂತೆ. ಮಾವ ಅದಕ್ಕೆ ದಾರ ಪೋಣಿಸಿ, ತಮ್ಮ ಕಿರ್ದಿ ಪುಸ್ತಕಗಳ ಪಕ್ಕ ಬೀರುವಿನಲ್ಲಿ ಇಟ್ಟಿದ್ದಾರೆ.